ಒಡೆತನವೂ ಕೀಲಿಕೈಯೂ

೧

ಒಂದು ವಸ್ತುವನ್ನು ಹಣ ಕೊಟ್ಟು ತಂದು ಮನೆಯಲ್ಲಿರಿಸಿಕೊಂಡ ಮಾತ್ರಕ್ಕೆ ಅದು ತನ್ನದಾಯಿತೆಂದು ಲೋಕವು ಬಗೆಯುತ್ತದೆ. ಹೊಲಕ್ಕೆ ಖರೀದಿಪತ್ರವೂ, ಎತ್ತಿಗೆ ಸಂತೆಯ ಚೀಟಿಯೂ, ಪಾತ್ರೆಪಡಗಗಳಿಗೆ ಅಂಗಡಿಕಾರನ ಪಾವತಿಯೂ ಒಡೆತನದ ಸಾಕ್ಷಿಗಳೆನಿಸಿವೆ. ಈ ಸಾಕ್ಷಿಗಳ ವಿಷಯದಲ್ಲಿ ಸಂಶಯಪಡುವ ಪ್ರಸಂಗವು ಹಿಂದೆ ಅಪರೂಪವಾಗಿದ್ದಿತು. ಕೊಂಡ ಎತ್ತು ಕೊಂಡವನ ಮಾತನ್ನೇ ಕೇಳುತ್ತಿದ್ದಿತು. ಮಾರಿದವನು ದೂರದ ಊರಿನಲ್ಲಿ ಕುಳಿತು ಅದರ ಹಗ್ಗವನ್ನು ಜಗ್ಗುತ್ತಿರಲಿಲ್ಲ. ಆದರೆ ಈ ಕಾಲದಲ್ಲಿ ಮನೆಮನೆಗೂ ಬಂದಿರುವ ಕೆಲವು ಯಂತ್ರಗಳ ರೀತಿಯೇ ಬೇರೆ. ಅವು ಗೃಹಸ್ಥನ ಗೋಡೆಯ ಮೇಲೆ ತೂಗುತ್ತವೆ, ಅವನ ವಿದ್ಯುತ್ತನ್ನು ಉಣ್ಣುತ್ತವೆ, ಮತ್ತು ಇನ್ನೊಬ್ಬನ ಅಪ್ಪಣೆಯನ್ನು ಪಾಲಿಸುತ್ತವೆ. ಹೀಗಿರುವಲ್ಲಿ ಒಡೆತನವೆಂಬ ಮಾತಿಗೆ ಉಳಿದಿರುವ ಅರ್ಥವಾವುದೆಂಬ ಪ್ರಶ್ನೆಯು ವಿಚಾರವಂತರ ಮುಂದೆ ಬಂದು ನಿಲ್ಲುತ್ತದೆ.

ಇಂಥ ಯಂತ್ರಗಳಲ್ಲಿ ಅತಿ ಚಿಕ್ಕದೂ ಅತಿ ಸಾಮಾನ್ಯವೂ ಆದುದೊಂದಕ್ಕೆ ರೌಟರ್ ಎಂದು ಹೆಸರು. ಅದೊಂದು ಅಂಗೈಯಗಲದ ಪೆಟ್ಟಿಗೆ. ಅದಕ್ಕೆ ಎರಡು ಮೂರು ಕೋಡುಗಳು, ಮಿಣುಕುವ ನಾಲ್ಕಾರು ದೀಪಗಳು. ಊರ ಹೊರಗಿನಿಂದ ಗಾಜಿನ ಎಳೆಯೊಳಗೆ ಹರಿದು ಬರುವ ಅಂತರ್ಜಾಲದ ಪ್ರವಾಹವನ್ನು ಮನೆಯೊಳಗಿನ ದೂರವಾಣಿ ಗಣಕಯಂತ್ರಗಳಿಗೆ ಹಂಚಿಕೊಡುವುದು ಅದರ ಕೆಲಸ. ಯಾವ ಸುದ್ದಿಯು ಯಾರಿಗೆ ಮುಟ್ಟಬೇಕು, ಹೊರಗಿನವರಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂಬುದನ್ನೆಲ್ಲ ಅದೇ ನಿರ್ಣಯಿಸುವುದು. ಹೀಗೆ ನಿರ್ಣಯಿಸುವ ಬುದ್ಧಿಯು ಅದರೊಳಗೆ ಅಚ್ಚೊತ್ತಿರುವ ಆಜ್ಞಾವಳಿಯಲ್ಲಿದೆ. ಇದನ್ನು ಫರ್ಮ್‌ವೇರ್ ಎನ್ನುವರು. ಬಯಲುಸೀಮೆಯ ಹಳೆಯ ಊರುಗಳಿಗೆ ಅಗಸೆಬಾಗಿಲು ಹೇಗೋ ಹೊಸ ಕಾಲದ ಮನೆಗೆ ಈ ಪೆಟ್ಟಿಗೆಯು ಹಾಗೆ. ಅಗಸೆಯ ಕೀಲಿಕೈ ಯಾರಲ್ಲಿದೆಯೆಂಬುದು ಎಂದಿಗೂ ಸಣ್ಣ ಸಂಗತಿಯಾಗಿರಲಿಲ್ಲ.

ದೃಷ್ಟಾಂತಕ್ಕಾಗಿ ಮೂಡಲಗಿಯ ಕಡೆಯ ಒಂದು ಒಕ್ಕಲುತನದ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮೊದಲು ಗೋಕಾಕ ತಾಲೂಕಿನೊಳಗಿದ್ದು ಈಗ ತಾನೇ ತಾಲೂಕಿನ ಕೇಂದ್ರವಾಗಿರುವ ಆ ಊರಿನ ಸುತ್ತಲೂ ಕಬ್ಬಿನ ಹೊಲಗಳಿವೆ. ಮನೆಯ ಯಜಮಾನನು ಕಬ್ಬಿನ ಬಿಲ್ಲನ್ನೂ ಹೊಲದ ಉತಾರವನ್ನೂ ದೂರವಾಣಿಯಲ್ಲಿಯೇ ನೋಡಿಕೊಳ್ಳುವನು. ಮಗಳು ಗೋಕಾಕದ ಕಾಲೇಜಿನ ಪಾಠಗಳನ್ನು ರಾತ್ರಿ ಕುಳಿತು ಓದುವಳು. ಮುದುಕಿಯಾದ ಅಜ್ಜಿಯು ಪುಣೆಯಲ್ಲಿ ನೌಕರಿಯಲ್ಲಿರುವ ಮೊಮ್ಮಗನ ಮುಖವನ್ನು ದಿನಕ್ಕೊಮ್ಮೆ ನೋಡದೆ ಉಣ್ಣಲಾರಳು. ಇಷ್ಟೆಲ್ಲ ವ್ಯವಹಾರವೂ ಒಂದು ಕಂಪನಿಯವರು ತಂದು ಗೋಡೆಗೆ ಜಡಿದ ಪೆಟ್ಟಿಗೆಯ ಮೂಲಕ ನಡೆಯುತ್ತದೆ. ದಸರೆಗೆ ಊರಿಗೆ ಬಂದ ಮಗನು ಆ ಪೆಟ್ಟಿಗೆಯ ಒಳಗನ್ನು ತಿಳಿಯಲೆಳಸಿದನು. ಕೆಲವು ಕೋಣೆಗಳ ಬಾಗಿಲು ತೆರೆದವು, ಕೆಲವು ತೆರೆಯಲಿಲ್ಲ. ಕಂಪನಿಯವರು ದೂರದಲ್ಲಿದ್ದುಕೊಂಡೇ ಅದರ ವ್ಯವಸ್ಥೆಯನ್ನು ಬದಲಿಸಬಲ್ಲರೆಂದೂ, ಮನೆಯವರು ಬದಲಿಸಲಾರರೆಂದೂ ಅವನಿಗೆ ಕಂಡುಬಂದಿತು. ಹೀಗೆ ದೂರದಿಂದ ಪೆಟ್ಟಿಗೆಗಳನ್ನಾಳುವುದಕ್ಕಾಗಿ ಟಿ. ಆರ್. ೦೬೯ ಎಂಬ ಒಂದು ನಿಯಮಾವಳಿಯೇ ೨೦೦೪ರಲ್ಲಿ ಪ್ರಕಟವಾಗಿದೆ.

ಇಲ್ಲಿ ಅವನ ಮುಂದೆ ಎರಡು ದಾರಿಗಳಿದ್ದವು. ಗುಪ್ತ ಸಂಕೇತಗಳನ್ನು ಎಲ್ಲಿಂದಲೋ ಸಂಪಾದಿಸಿ ಆ ಪೆಟ್ಟಿಗೆಯ ಕೀಲಿಯನ್ನು ಮುರಿಯುವುದು ಒಂದು ದಾರಿ. ಆದರೆ ಆ ಪೆಟ್ಟಿಗೆಯು ಕಂಪನಿಯ ಸ್ವತ್ತು. ಸಂಪರ್ಕವಿರುವವರೆಗೆ ಮಾತ್ರ ಮನೆಯಲ್ಲಿರಲೆಂದು ಒಪ್ಪಿಸಿದ ನ್ಯಾಸವು. ಪರರ ನ್ಯಾಸವನ್ನು ಕೆದಕುವುದರಿಂದ ಸ್ವಾತಂತ್ರ್ಯವನ್ನು ಆರಂಭಿಸುವುದು ಶೋಭಿಸದು. ಆದುದರಿಂದ ಅವನು ಎರಡನೆಯ ದಾರಿಯನ್ನು ಹಿಡಿದನು. ಅದನ್ನು ಅಲ್ಲಿಯೇ ಅದರ ಪಾಡಿಗೆ ಬಿಟ್ಟು, ತನ್ನ ಹಣದಿಂದ ಇನ್ನೊಂದು ರೌಟರನ್ನು ಕೊಂಡು ತಂದು ಅದರ ಹಿಂದೆ ನಿಲ್ಲಿಸಿ, ಅದರಲ್ಲಿ ತಯಾರಕರ ಆಜ್ಞಾವಳಿಗೆ ಬದಲಾಗಿ ಲಿನಕ್ಸಿನ ಮೇಲೆ ಕಟ್ಟಿದ ಓಪನ್‌ಡಬ್ಲ್ಯುಆರ್‌ಟಿ ಎಂಬ ಬಯಲು ಆಜ್ಞಾವಳಿಯನ್ನು ಹೂಡಿದನು. ಅಗಸೆಯು ಪರರದಾಗಿಯೇ ಉಳಿಯಿತು; ಮನೆಗೆ ತನ್ನದೇ ಆದ ಹೊಸ್ತಿಲು ದೊರೆಯಿತು. ಎರಡನೆಯ ರೌಟರಿನ ನೈತಿಕ ಮಹತ್ವವೆಲ್ಲ ಈ ‘ಎರಡನೆಯ’ ಎಂಬ ಮಾತಿನಲ್ಲಿದೆ.

೨

ಈ ಕಾರ್ಯದ ವಿಧಾನವನ್ನು ಸ್ವಲ್ಪ ವಿವರಿಸುವುದು ಅಪ್ರಸ್ತುತವಾಗದು. ಏಕೆಂದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಒಡೆತನದ ಒಂದೊಂದು ಪಾಠವು ಅಡಗಿದೆ. ಎಲ್ಲ ಪೆಟ್ಟಿಗೆಗಳೂ ಈ ಆಜ್ಞಾವಳಿಯನ್ನು ತಾಳಲಾರವು. ಒಂದೇ ಹೆಸರಿನ ಪೆಟ್ಟಿಗೆಯಲ್ಲಿ ಸಹ ಮೊದಲನೆಯ ಆವೃತ್ತಿಗೆ ಹೊಂದುವುದು ಮೂರನೆಯ ಆವೃತ್ತಿಗೆ ಹೊಂದದಿರಬಹುದು. ನಾಲ್ಕು ಮೆಗಾಬೈಟಿನಷ್ಟೇ ಸಂಗ್ರಹಸ್ಥಳವುಳ್ಳ ಹಳೆಯ ಪೆಟ್ಟಿಗೆಗಳಿಗೆ ಈಗಿನ ಆವೃತ್ತಿಗಳು ಹಿಡಿಸವು. ಆದುದರಿಂದ ಕೊಳ್ಳುವ ಮೊದಲೇ ತಳದ ಚೀಟಿಯನ್ನು ಓದಿ ಪಟ್ಟಿಯೊಡನೆ ತಾಳೆ ನೋಡಬೇಕು. ಅನಂತರ ಇಳಿಸಿಕೊಂಡ ಕಡತದ ೬೪ ಅಕ್ಷರಗಳ ಮುದ್ರೆಯನ್ನು ಪ್ರಕಟಿತವಾದ ಮುದ್ರೆಯೊಡನೆ ಹೋಲಿಸಿ, ನಡುದಾರಿಯಲ್ಲಿ ಯಾರೂ ಕಲಬೆರಕೆ ಮಾಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಬರೆಯುವ ಆ ಕೆಲವು ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಪೆಟ್ಟಿಗೆಯು ಇಟ್ಟಿಗೆಯಾಯಿತೆಂದು ಈ ವಿದ್ಯೆಯವರು ಹೇಳುವ ವಾಡಿಕೆ. ಅದನ್ನು ಬದುಕಿಸುವ ಉಪಾಯಗಳು ಅನೇಕ ಪೆಟ್ಟಿಗೆಗಳಿಗೆ ಉಂಟು. ಆದರೂ ಬ್ಯಾಟರಿಯ ಆಸರೆಯಿಲ್ಲದೆ ಹಳ್ಳಿಯಲ್ಲಿ ಈ ಕೆಲಸಕ್ಕೆ ಕೈಹಾಕುವುದು ಅವಿವೇಕ.

ಹೊಸ ಆಜ್ಞಾವಳಿಯು ತನ್ನ ವಿಳಾಸವನ್ನು ೧೯೨.೧೬೮.೧.೧ ಎಂದು ಇಟ್ಟುಕೊಂಡು ಹುಟ್ಟುವುದು. ಕಂಪನಿಯ ಪೆಟ್ಟಿಗೆಯ ವಿಳಾಸವೂ ಅದೇ ಆಗಿದ್ದರೆ, ಒಂದೇ ಓಣಿಯ ಎರಡು ಮನೆಗಳಿಗೆ ಒಂದೇ ನಂಬರು ಬಿದ್ದಂತಾಗಿ ಸುದ್ದಿಯು ಎತ್ತಲೂ ಹೋಗದು. ಆದುದರಿಂದ ಒಳಗಿನದಕ್ಕೆ ೧೯೨.೧೬೮.೨.೧ ಎಂದಾದರೂ ಬೇರೆ ವಿಳಾಸವನ್ನು ಕೊಡಬೇಕು. ಮೊದಲನೆಯದರ ಒಳಬಾಗಿಲಿನಿಂದ ಎರಡನೆಯದರ ಹೊರಬಾಗಿಲಿಗೆ ಒಂದು ತಂತಿಯನ್ನೆಳೆಯಬೇಕು. ಮೊದಲ ಸಲ ಒಳಹೊಕ್ಕಾಗ ಅದಕ್ಕೆ ಗುಪ್ತಪದವೇ ಇರುವುದಿಲ್ಲ; ಹಾಗೆಯೇ ಬಹುತೇಕ ಪೆಟ್ಟಿಗೆಗಳಲ್ಲಿ ಅದರ ನಿಸ್ತಂತು ಸಂಚಾರವೂ ಮಲಗಿರುತ್ತದೆ. ಕೀಲಿಯನ್ನು ಯಜಮಾನನೇ ಹಾಕಬೇಕು, ಬಾಗಿಲನ್ನು ಅವನೇ ತೆರೆಯಬೇಕು. ಕಾರಖಾನೆಯು ಅಚ್ಚು ಹಾಕಿಸಿ ಕಳಿಸಿದ ಗುಪ್ತಪದವನ್ನು ನೆಚ್ಚಿ ನಿದ್ರಿಸುವ ಸೌಕರ್ಯವು ಇಲ್ಲಿಲ್ಲ.

ಈ ಬಯಲು ಆಜ್ಞಾವಳಿಯು ಹುಟ್ಟಿದ ಬಗೆಯೂ ಒಡೆತನದ ಕಥೆಯೇ ಆಗಿದೆ. ಸುಮಾರು ೧೯೮೦ರಲ್ಲಿ ಅಮೇರಿಕೆಯ ಎಂ.ಐ.ಟಿ. ಸಂಸ್ಥೆಯ ಪ್ರಯೋಗಶಾಲೆಯೊಂದಕ್ಕೆ ಬಂದ ಮುದ್ರಣಯಂತ್ರವು ಪದೇ ಪದೇ ಕಾಗದವನ್ನು ಸಿಕ್ಕಿಸಿಕೊಳ್ಳುತ್ತಿದ್ದಿತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಎಂಬವನು, ಕಾಗದವು ಸಿಕ್ಕಿಕೊಂಡೊಡನೆ ಕಾಯುವವರಿಗೆ ತಿಳಿಯುವಂತೆ ಅದರ ಆಜ್ಞಾವಳಿಯನ್ನು ತಿದ್ದಬೇಕೆಂದನು. ಮೂಲಪಾಠವು ಅವನಿಗೆ ದೊರೆಯಲಿಲ್ಲ. ತನ್ನೆದುರಿಗಿರುವ ಯಂತ್ರದ ದೋಷವನ್ನು ತಿದ್ದುವ ಶಕ್ತಿಯಿದ್ದೂ ತಿದ್ದಗೊಡದ ಆ ವ್ಯವಸ್ಥೆಯು ಅವನ ಮನಸ್ಸಿಗೆ ನಾಟಿತು. ೧೯೮೩ರಲ್ಲಿ ಅವನು ಗ್ನೂ ಎಂಬ ಸಂಕಲ್ಪವನ್ನು ಸಾರಿದನು. ೧೯೮೯ರಲ್ಲಿ ಒಂದು ಸಾರ್ವಜನಿಕ ಪರವಾನಿಗೆಯನ್ನು ಬರೆದನು. ಈ ಪರವಾನಿಗೆಯ ಆಜ್ಞಾವಳಿಯನ್ನು ಯಾರಾದರೂ ಉಪಯೋಗಿಸಬಹುದು, ತಿದ್ದಬಹುದು, ಮಾರಬಹುದು. ಆದರೆ ಕೊಂಡವನಿಗೆ ಮೂಲಪಾಠವನ್ನೂ ಅದೇ ಸ್ವಾತಂತ್ರ್ಯವನ್ನೂ ದಾಟಿಸಬೇಕು. ತಾನು ಪಡೆದುದನ್ನು ಮುಂದಿನವನಿಗೆ ಮುಚ್ಚಿಡಕೂಡದೆಂಬುದೇ ಅದರ ಸಾರ. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸನು ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಮರುವರ್ಷವೇ ಈ ಪರವಾನಿಗೆಯ ನೆರಳಿಗೆ ಬಂದಿತು.

೨೦೦೨ರ ಕೊನೆಗೆ ಲಿಂಕ್‌ಸಿಸ್ ಕಂಪನಿಯು ಡಬ್ಲ್ಯುಆರ್‌ಟಿ೫೪ಜಿ ಎಂಬ ಮನೆಬಳಕೆಯ ರೌಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗಿರುವುದು ಲಿನಕ್ಸೇ ಎಂದು ಮರುವರ್ಷ ಕೆಲವು ಆಸಕ್ತರು ಕಂಡುಹಿಡಿದರು. ಅಷ್ಟರಲ್ಲಿ ಆ ಕಂಪನಿಯು ಸಿಸ್ಕೋ ಎಂಬ ದೊಡ್ಡ ಕಂಪನಿಯ ಸ್ವಾಧೀನಕ್ಕೆ ಹೋಗಿದ್ದಿತು. ಪರವಾನಿಗೆಯ ಕರಾರಿನಂತೆ ಮೂಲಪಾಠವನ್ನು ಕೊಡಬೇಕೆಂಬ ಒತ್ತಾಯವು ಬೆಳೆದು, ೨೦೦೩ರಲ್ಲಿಯೇ ಅದು ಪ್ರಕಟವಾಯಿತು. ಅದನ್ನಾಧರಿಸಿ ೨೦೦೪ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಪೆಟ್ಟಿಗೆಗಳನ್ನು ದೂರದಿಂದ ಆಳುವ ನಿಯಮಾವಳಿಯೂ, ಅವನ್ನು ಮನೆಯವರ ಕೈಗೆ ಕೊಡುವ ಆಜ್ಞಾವಳಿಯೂ ಒಂದೇ ವರ್ಷದಲ್ಲಿ ಲೋಕಕ್ಕೆ ಬಂದುದು ಯೋಚಿಸತಕ್ಕ ಸಂಗತಿಯಾಗಿದೆ. ೨೦೦೫ರಲ್ಲಿ ಅದೇ ಪೆಟ್ಟಿಗೆಯ ಹೊಸ ಆವೃತ್ತಿಯಲ್ಲಿ ಲಿನಕ್ಸನ್ನು ತೆಗೆದು, ಸ್ಮೃತಿಯನ್ನು ಅರ್ಧಕ್ಕಿಳಿಸಿದರು. ಆದರೆ ತಿದ್ದಿಕೊಳ್ಳಬಯಸುವವರಿಗಾಗಿ ಲಿನಕ್ಸುಳ್ಳ ಬೇರೊಂದು ಮಾದರಿಯನ್ನೂ ಅದೇ ವರ್ಷ ಮಾರಿದರು. ಕೊಳ್ಳುವವರು ಕೇಳಿದರೆ ಬಾಗಿಲುಳ್ಳ ಮನೆಯೂ ಮಾರಾಟಕ್ಕೆ ಬರುತ್ತದೆಯೆಂಬುದಕ್ಕೆ ಇದು ನಿದರ್ಶನ.

೩

ಈ ಪ್ರಶ್ನೆಯು ಪರದೇಶದ ಪ್ರಯೋಗಶಾಲೆಗಳಿಂದ ಬಂದ ಹೊಸ ಗೀಳೆಂದು ಯಾರಾದರೂ ಎಂದರೆ, ಘಟಪ್ರಭೆಯ ದಂಡೆಯ ಚರಿತ್ರೆಯನ್ನೇ ಅವರ ಮುಂದಿಡಬಹುದು. ಗೋಕಾಕದ ಬಳಿ ಆ ನದಿಯು ಸುಮಾರು ೧೭೦ ಅಡಿಯ ಎತ್ತರದಿಂದ ಧುಮುಕುತ್ತದೆ. ೧೮೮೫ರಲ್ಲಿ ಸ್ಥಾಪಿತವಾದ ಗೋಕಾಕ ಗಿರಣಿಯು ಆ ಧಾರೆಯ ಬಲವನ್ನು ತನ್ನ ನೂಲಿನ ಯಂತ್ರಗಳಿಗೆ ಹೂಡಿತು. ಸುತ್ತಲಿನ ಊರುಗಳ ಎಷ್ಟೋ ಮನೆತನಗಳು ಆ ಗಿರಣಿಯ ಕೂಲಿಯಿಂದ ಬದುಕಿದವು. ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನೀರು ಎಲ್ಲರ ಕಣ್ಣೆದುರಿಗೆ ಬೀಳುತ್ತಿದ್ದರೂ ಅದನ್ನು ಯಂತ್ರಕ್ಕೆ ಬಿಡುವ ಮತ್ತು ತಡೆಯುವ ಕೀಲಿಕೈಯು ಕಂಪನಿಯ ಕೈಯಲ್ಲಿದ್ದಿತು.

ಅದೇ ಘಟಪ್ರಭೆಯ ನೆರೆಯ ಹುಕ್ಕೇರಿಯಲ್ಲಿ ೧೯೬೯ರಲ್ಲಿ ಬೇರೊಂದು ಪ್ರಯೋಗವು ನಡೆಯಿತು. ದೇಶದಲ್ಲಿ ಪರೀಕ್ಷಾರ್ಥವಾಗಿ ಮೊದಲು ಆರಂಭವಾದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯ ಸಂಘವು ಒಂದು. ಹೊರಗಿನಿಂದ ವಿದ್ಯುತ್ತನ್ನು ಕೊಂಡು ತಂದು ತನ್ನ ಹಳ್ಳಿಗಳಿಗೆ ಹಂಚುವ ಆ ಸಂಘದಲ್ಲಿ ದೀಪ ಉರಿಸುವವನೇ ಸದಸ್ಯನೂ ಆಗಿರುವನು. ವಿದ್ಯುತ್ತು ಎಲ್ಲಿಯೋ ಹುಟ್ಟುತ್ತದೆ. ಅದನ್ನು ಹುಕ್ಕೇರಿಯವರು ಹುಟ್ಟಿಸಲಿಲ್ಲ. ಆದರೆ ಊರ ಗಡಿಯಿಂದ ಈಚೆಗೆ ಅದನ್ನು ಹಂಚುವ ವ್ಯವಸ್ಥೆಯನ್ನು ತಮ್ಮದಾಗಿ ಮಾಡಿಕೊಂಡರು. ಮೂಡಲಗಿಯ ಮನೆಯವನು ಮಾಡಿದುದೂ ಸಣ್ಣ ಪ್ರಮಾಣದಲ್ಲಿ ಇಷ್ಟೇ. ಅಂತರ್ಜಾಲವನ್ನು ಅವನು ಹುಟ್ಟಿಸಲಿಲ್ಲ. ಹೊಸ್ತಿಲಿನಿಂದ ಈಚೆಗೆ ಅದರ ಹಂಚಿಕೆಯನ್ನು ಕೈಗೆ ತೆಗೆದುಕೊಂಡನು. ಸಹಕಾರದ ಒಡೆತನಕ್ಕೆ ಅದರದೇ ಆದ ಭಾರವೂ ಉಂಟು. ಕಂಪನಿಯ ಗಿರಾಕಿಯು ಬಿಲ್ಲನ್ನು ಬಾಕಿಯಿಟ್ಟರೆ ಕಂಪನಿಗೆ ನಷ್ಟ. ಸದಸ್ಯನು ಬಾಕಿಯಿಟ್ಟರೆ ತನ್ನ ಮನೆಯನ್ನೇ ತಾನು ಬಾಕಿಯಲ್ಲಿಟ್ಟಂತೆ. ಕಂಬವು ಬಿದ್ದರೆ ಬೈಯುವುದಕ್ಕೆ ಹೊರಗಿನವನು ಸಿಗುವುದಿಲ್ಲ.

ಎಲ್ಲರೂ ಎಲ್ಲ ವಿದ್ಯೆಗಳನ್ನೂ ಕಲಿಯಲಾರರು, ಕಬ್ಬು ಕಡಿಯುವವನಿಗೆ ಲಿನಕ್ಸಿನ ಗೊಡವೆಯೇಕೆ ಎಂಬ ಆಕ್ಷೇಪವು ಇಲ್ಲಿ ಏಳುವುದು ಸಹಜ. ಆಕ್ಷೇಪದಲ್ಲಿ ಸತ್ಯವಿದೆ. ಒಕ್ಕಲಿಗನು ತನ್ನ ರಂಟೆಯನ್ನು ತಾನೇ ಕಟ್ಟಲಿಲ್ಲ, ಕೂರಿಗೆಯ ತಾಳನ್ನು ತಾನೇ ಬಡಿಯಲಿಲ್ಲ; ಬಡಿಗನೂ ಕಂಬಾರನೂ ಅವನ್ನು ಮಾಡಿಕೊಟ್ಟರು, ರಾಶಿಯ ದಿನ ಕಣದಲ್ಲಿ ತಮ್ಮ ಆಯವನ್ನು ಪಡೆದರು. ಆದರೂ ರಂಟೆಯು ಒಕ್ಕಲಿಗನದೇ ಆಗಿದ್ದಿತು. ಏಕೆಂದರೆ ಒಬ್ಬ ಬಡಿಗನು ತಿದ್ದಲೊಲ್ಲದಿದ್ದರೆ ನೆರೆಯೂರಿನ ಬಡಿಗನ ಬಳಿಗೆ ಅದನ್ನು ಹೊತ್ತು ಒಯ್ಯಬಹುದಾಗಿದ್ದಿತು; ಬಡಿಗನ ಮಗನು ಬೇರೆ ಉದ್ಯೋಗವನ್ನು ಹಿಡಿದರೂ ರಂಟೆಯು ಹೂಳುವುದನ್ನು ಬಿಡುತ್ತಿರಲಿಲ್ಲ. ತಯಾರಕರು ತಮ್ಮ ಹಳೆಯ ಪೆಟ್ಟಿಗೆಗೆ ದೋಷಪರಿಹಾರಗಳನ್ನು ಕಳಿಸುವುದನ್ನು ನಿಲ್ಲಿಸಿದೊಡನೆ ಗಟ್ಟಿಮುಟ್ಟಾದ ಯಂತ್ರವೊಂದು ಕಸವಾಗುತ್ತದೆ. ಬಯಲು ಆಜ್ಞಾವಳಿಯಿದ್ದಲ್ಲಿ ಅದೇ ಯಂತ್ರವು ಇನ್ನೂ ಹಲವು ವರ್ಷ ದುಡಿಯಬಲ್ಲದು. ಒಡೆಯನು ಸ್ವತಃ ತಿದ್ದಬಲ್ಲವನಾಗಿರಬೇಕೆಂಬ ನಿರ್ಬಂಧವಿಲ್ಲ. ತಾನು ನಂಬಿದವನಿಂದ ತಿದ್ದಿಸಿಕೊಳ್ಳುವ ಅಧಿಕಾರವು ಅವನಿಗಿರಬೇಕು. ಈ ಅಧಿಕಾರವೇ ಹೋದ ಮೇಲೆ ಪಾವತಿಯ ಚೀಟಿಯು ಬರಿಯ ಬಾಡಿಗೆಯ ಚೀಟಿಯಾಗುವುದು.

೪

ಇಲ್ಲಿಯವರೆಗಿನ ವಿಚಾರವು ಒಡೆಯನ ಕಿವಿಗೆ ಇಂಪಾಗಿದೆ. ಆದರೆ ಕೀಲಿಕೈಯು ಕೈಗೆ ಬಂದ ಕ್ಷಣದಿಂದ ಅವನ ಸುಖವು ಮುಗಿದು ಹೊಣೆಯು ಆರಂಭವಾಗುವುದು. ಆ ಹೊಣೆಯು ಮೊದಲು ನೆರೆಹೊರೆಗೆ ಸಂಬಂಧಪಟ್ಟದ್ದು.

೨೦೧೬ರ ಅಕ್ಟೋಬರದಲ್ಲಿ ಡೈನ್ ಎಂಬ ಅಮೇರಿಕೆಯ ಸಂಸ್ಥೆಯ ಮೇಲೆ ಒಂದು ದೊಡ್ಡ ದಾಳಿ ನಡೆದು, ಅನೇಕ ಪ್ರಸಿದ್ಧ ತಾಣಗಳು ಕೆಲವು ಗಂಟೆಗಳವರೆಗೆ ಜನರಿಗೆ ದೊರೆಯದಾದವು. ದಾಳಿಮಾಡಿದ ಸೈನ್ಯದಲ್ಲಿದ್ದುದು ಸಾಮಾನ್ಯರ ಮನೆಗಳ ಕ್ಯಾಮರಾಗಳೂ ರೌಟರುಗಳೂ. ಮಿರಾಯ್ ಎಂಬ ಕೇಡಿನ ಆಜ್ಞಾವಳಿಯು ಕಾರಖಾನೆಯವರು ಇಟ್ಟು ಕಳಿಸಿದ ಸುಮಾರು ೬೦ ಜೊತೆ ಹೆಸರು-ಗುಪ್ತಪದಗಳನ್ನು ಒಂದೊಂದಾಗಿ ಪ್ರಯೋಗಿಸಿ ಅವುಗಳೊಳಗೆ ನುಗ್ಗಿದ್ದಿತು. ಆ ಮನೆಗಳ ಯಜಮಾನರು ಯಾರಿಗೂ ಕೇಡು ಬಯಸಿದವರಲ್ಲ. ಅವರಲ್ಲಿ ಅನೇಕರಿಗೆ ತಮ್ಮ ಮನೆಯಿಂದ ಕಲ್ಲು ತೂರಲಾಯಿತೆಂಬುದು ಎಂದಿಗೂ ತಿಳಿದಿರಲಾರದು. ಕೇಡು ಬಯಸದಿದ್ದವನಿಗೆ ಕೇಡಿನಲ್ಲಿ ಪಾಲಿಲ್ಲವೆ? ತನ್ನ ಎತ್ತನ್ನು ಕಟ್ಟದೆ ಬಿಟ್ಟವನು ಪಕ್ಕದ ಹೊಲದ ಬೆಳೆಯು ಹಾಳಾದಾಗ ‘ಎತ್ತಿನ ಮನಸ್ಸು ನನಗೆ ತಿಳಿಯದು’ ಎಂದರೆ ಊರವರು ಒಪ್ಪುವುದಿಲ್ಲ. ಈ ನ್ಯಾಯವು ಮನೆಯ ಪೆಟ್ಟಿಗೆಗೂ ಸಲ್ಲತಕ್ಕದ್ದು. ತಯಾರಕರ ಆಜ್ಞಾವಳಿಯನ್ನು ತೆಗೆದುಹಾಕಿದವನಿಗಂತೂ ತಪ್ಪನ್ನು ಹೊರಿಸುವುದಕ್ಕೆ ಇನ್ನೊಬ್ಬನು ಉಳಿಯುವುದಿಲ್ಲ; ಹೊಸ ಆವೃತ್ತಿಯು ಬಂದಾಗ ಹೂಡಬೇಕಾದವನು ಅವನೇ. ಹೂಡಿ ಮರೆತ ಸ್ವತಂತ್ರ ಪೆಟ್ಟಿಗೆಗಿಂತ ದಿನವೂ ಜೋಪಾನವಾಗುವ ಕಂಪನಿಯ ಪೆಟ್ಟಿಗೆಯೇ ನೆರೆಯವರಿಗೆ ಮೇಲು.

ಗಾಳಿಯ ವಿಷಯವೂ ಹಾಗೆಯೇ. ನಿಸ್ತಂತು ತರಂಗಗಳು ಗೋಡೆಯ ಬಳಿ ನಿಲ್ಲುವುದಿಲ್ಲ. ಭಾರತದಲ್ಲಿ ೨.೪ ಗಿಗಾಹರ್ಟ್ಸಿನ ಪಟ್ಟಿಯನ್ನು ೨೦೦೫ರಲ್ಲಿ ಪರವಾನಿಗೆಯಿಲ್ಲದೆ ಬಳಸಲು ಬಿಟ್ಟರು. ಆದರೆ ಶಕ್ತಿಗೆ ಮಿತಿಯನ್ನು ಹಾಕಿದರು. ಆಜ್ಞಾವಳಿಯಲ್ಲಿ ದೇಶದ ಸಂಕೇತವನ್ನು ತುಂಬುವ ಒಂದು ಮನೆಯುಂಟು. ಅಲ್ಲಿ ಬೇರೊಂದು ದೇಶದ ಹೆಸರನ್ನು ಬರೆದು ತನ್ನ ಧ್ವನಿಯನ್ನು ಹೆಚ್ಚಿಸಿಕೊಳ್ಳುವ ಯುಕ್ತಿಯನ್ನು ಕೆಲವರು ಜಾಣತನವೆಂದು ಕೊಂಡಾಡುತ್ತಾರೆ. ಓಣಿಯಲ್ಲಿ ಒಬ್ಬನು ಕೂಗಿ ಮಾತಾಡತೊಡಗಿದರೆ ಉಳಿದವರ ಮಾತು ಕೇಳಿಸದೆಂಬುದು ಅವರ ಲಕ್ಷ್ಯಕ್ಕೆ ಬಾರದು. ಇಂಥ ದುರುಪಯೋಗದ ಭಯದಿಂದಲೇ ಅಮೇರಿಕೆಯ ಸಂಪರ್ಕ ಆಯೋಗವು ಬಿಗಿಗೊಳಿಸಿದ ನಿಯಮಗಳ ಫಲವಾಗಿ, ೨೦೧೫-೧೬ರ ಸುಮಾರಿಗೆ ತಯಾರಕರು ಪೆಟ್ಟಿಗೆಗಳನ್ನೇ ಮುಚ್ಚತೊಡಗಿದ್ದರು. ೨೦೧೬ರ ಆಗಸ್ಟದಲ್ಲಿ ಟಿಪಿ-ಲಿಂಕ್ ಕಂಪನಿಯು ಶಕ್ತಿಯ ಮಿತಿಯನ್ನು ಮೀರಬಲ್ಲ ಪೆಟ್ಟಿಗೆಗಳ ಸಂಬಂಧವಾಗಿ ೨ ಲಕ್ಷ ಡಾಲರು ತೆರಲೊಪ್ಪಿದಾಗ, ಮಿತಿಯನ್ನು ಕಾಯುತ್ತಲೇ ಪರರ ಆಜ್ಞಾವಳಿಗೂ ಎಡೆಗೊಡಲು ಯತ್ನಿಸುವುದಾಗಿ ಒಪ್ಪಿಕೊಂಡಿತು. ಸ್ವಾತಂತ್ರ್ಯವನ್ನು ಕಳೆಯುವವನು ಅನೇಕ ವೇಳೆ ಹೊರಗಿನ ಶತ್ರುವಲ್ಲ. ಅದನ್ನು ಕೂಗಾಟಕ್ಕೆ ಬಳಸಿದ ಒಳಗಿನ ಮಿತ್ರನು.

ಹಂಚಿಕೆಯ ನ್ಯಾಯವೂ ಇಲ್ಲಿ ಬರುವುದು. ಒಂದು ಮನೆಯಲ್ಲಿ ಒಬ್ಬನು ದೊಡ್ಡ ಚಲಚ್ಚಿತ್ರವನ್ನು ಇಳಿಸಿಕೊಳ್ಳುತ್ತಿರುವಾಗ ಅಜ್ಜಿಯ ಮಾತು ತಡೆತಡೆದು ಬರುವುದುಂಟು. ಪ್ರವಾಹವು ಸಾಲದೆಂಬುದೇ ಇದಕ್ಕೆ ಯಾವಾಗಲೂ ಕಾರಣವಲ್ಲ. ಪೆಟ್ಟಿಗೆಯೊಳಗಿನ ಸಾಲು ಅತಿಯಾಗಿ ಉದ್ದವಾಗಿ, ಚಿಕ್ಕ ಸುದ್ದಿಯು ದೊಡ್ಡ ಮೂಟೆಗಳ ಹಿಂದೆ ನಿಂತು ಕಾಯುವುದು. ೨೦೨೫ರಲ್ಲಿ ತೀರಿಕೊಂಡ ಡೇವ್ ಟಾಟ್ ಮೊದಲಾದವರು ಈ ದೋಷವನ್ನು ಹೋಗಲಾಡಿಸುವುದಕ್ಕೆ ವರ್ಷಗಟ್ಟಲೆ ಶ್ರಮಿಸಿದರು; ಅವರ ಪ್ರಯೋಗಗಳು ನಡೆದುದು ಇಂಥ ಬಯಲು ಆಜ್ಞಾವಳಿಯ ಮೇಲೆಯೇ. ಅವರ ಉಪಾಯದ ಮರ್ಮವನ್ನು ಕಾಲುವೆಯ ಕೆಳಗಿನ ಒಕ್ಕಲಿಗನು ತಟ್ಟನೆ ಗ್ರಹಿಸುವನು. ಅದು ಪಾಳಿಯ ನ್ಯಾಯ. ಹತ್ತು ಎಕರೆಯವನ ನೀರು ಮುಗಿಯುವವರೆಗೆ ಅರ್ಧ ಎಕರೆಯವನು ಕಾಯಕೂಡದು. ಪ್ರತಿಯೊಬ್ಬನಿಗೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಬಿಡಬೇಕು. ಕೀಲಿಕೈಯುಳ್ಳ ಒಡೆಯನು ತನ್ನ ಯಂತ್ರಕ್ಕೇ ಹೆಚ್ಚು ಪಾಲನ್ನು ಬರೆದುಕೊಳ್ಳಬಲ್ಲನು. ಹಾಗೆ ಬರೆದುಕೊಳ್ಳದಿರುವುದರಲ್ಲಿ ಅವನ ಯೋಗ್ಯತೆಯು ತಿಳಿಯುವುದು.

೫

ನೆರೆಯವರ ಹೊಣೆಗಿಂತಲೂ ಸೂಕ್ಷ್ಮವಾದುದು ಮನೆಯೊಳಗಿನ ಹೊಣೆ. ದೃಷ್ಟಾಂತದ ಮನೆಯಲ್ಲಿ ಹೊಸ ಪೆಟ್ಟಿಗೆಯು ಕೆಲಸಕ್ಕೆ ನಿಂತ ರಾತ್ರಿ 'ತಮ್ಮಾ, ಇದರೊಳಗ ಎಲ್ಲಾರೂ ಏನೇನು ನೋಡ್ತಾರ ಅನ್ನೂದು ಬರಿಯಾಕ ಬರತದೇನು?’ ಎಂದು ತಂದೆಯು ಮಗನನ್ನು ಕೇಳಿದನೆಂದು ಭಾವಿಸಬಹುದು. ಎಲ್ಲರೂ ಎಂದರೆ ಯಾರೆಂಬುದು ಮಗನಿಗೆ ತಿಳಿಯದಿರಲಿಲ್ಲ. ತಂಗಿಯು ರಾತ್ರಿ ಬಹಳ ಹೊತ್ತು ಎಚ್ಚರವಿರುವಳೆಂಬ ಚಿಂತೆಯು ತಂದೆಯ ಮನಸ್ಸಿನಲ್ಲಿದ್ದಿತು. ಬರೆದಿಡಲು ಬರುತ್ತಿದ್ದಿತು. ಯಾವ ಯಂತ್ರವು ಯಾವ ತಾಣದ ಹೆಸರನ್ನು ಕೇಳಿತೆಂಬ ದಾಖಲೆಯನ್ನು ಇಂಥ ಆಜ್ಞಾವಳಿಯು ಒಂದೆರಡು ಸಾಲಿನ ಮಾರ್ಪಾಟಿನಿಂದ ಇಡಬಲ್ಲದು.

ಇಲ್ಲಿ ಒಡೆತನದ ನಿಜವಾದ ಪರೀಕ್ಷೆಯಾಗುವುದು. ಯಾವ ಅಧಿಕಾರವನ್ನು ಕಂಪನಿಯ ಕೈಯಲ್ಲಿ ಕಂಡು ಮಗನಿಗೆ ಅಸಮಾಧಾನವಾಗಿದ್ದಿತೋ ಅದೇ ಅಧಿಕಾರವು ಈಗ ಅವನ ಕೈಯಲ್ಲಿದ್ದಿತು. ಕಂಪನಿಯವರಿಗೆ ಆ ಮನೆಯ ಮಗಳ ಪರಿಚಯವಿಲ್ಲ. ಅವರ ಪಾಲಿಗೆ ಅವಳೊಂದು ಅಂಕೆ. ಅಣ್ಣನಿಗಾದರೋ ಅವಳ ಗೆಳತಿಯರ ಹೆಸರುಗಳೂ ಗೊತ್ತು. ಆದುದರಿಂದ ಅವನು ಗುಟ್ಟಾಗಿ ನೋಡಿದರೆ ಕಂಪನಿಯು ನೋಡಿದುದಕ್ಕಿಂತ ಹೆಚ್ಚಿನ ಗಾಯವಾಗುವುದು. ರಕ್ಷಣೆಯ ಹೆಸರಿನಲ್ಲಿ ಹಾಕಿದ ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಗುವುದು. ತಂದೆಯ ಚಿಂತೆಯು ಸುಳ್ಳೆಂದು ಇದರ ಅರ್ಥವಲ್ಲ. ಜಾಲದಲ್ಲಿ ಮೋಸಗಾರರಿದ್ದಾರೆ, ಎಳೆಯ ಮಕ್ಕಳು ಕಾಣಬಾರದ ನೋಟಗಳಿವೆ. ಕಾವಲಿಗೂ ಬೇಹಿಗೂ ಇರುವ ಅಂತರವನ್ನು ಗುರುತಿಸಬೇಕೆಂಬುದಷ್ಟೇ ಇಲ್ಲಿಯ ವಾದ. ಕಾವಲುಗಾರನು ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲುವನು. ಬೇಹಿನವನು ಪರದೆಯ ಹಿಂದೆ ನಿಲ್ಲುವನು. ಯಾವ ನಿಯಮವನ್ನು ಮನೆಯ ಎಲ್ಲರೆದುರಿಗೆ ಓದಿ ಹೇಳಬಹುದೋ, ಯಾವ ನಿಯಮವು ಹೇಳುವವನಿಗೂ ಸಲ್ಲುವುದೋ ಅದು ಕಾವಲು. ಯಾವುದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುವುದೋ ಅದು ಬೇಹು.

ಮಗನು ಆ ರಾತ್ರಿ ಉತ್ತರ ಕೊಡಲಿಲ್ಲ. ಮರುದಿನ ಎಲ್ಲರೂ ಊಟಕ್ಕೆ ಕುಳಿತಾಗ ತಂದೆಯ ಪ್ರಶ್ನೆಯನ್ನು ಅವನೇ ಬಹಿರಂಗವಾಗಿ ಎತ್ತಿದನು. ತಂದೆಯು ತುಸು ಮುಜುಗರಪಟ್ಟನು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಣ್ಣಾ, ಕೀಲಿಕೈ ಕಂಪನಿ ಕಡೆ ಇದ್ದರೇನು, ನಿನ್ನ ಕಡೆ ಇದ್ದರೇನು, ನನಗ ಎರಡೂ ಒಂದ. ನನಗೂ ಕಲಿಸು’ ಎಂದಳು. ಈ ಮಾತಿನಲ್ಲಿ ಇಡಿಯ ಪ್ರಶ್ನೆಯ ತಿರುಳು ಬಂದಿತು. ಒಡೆತನವು ಕಂಪನಿಯಿಂದ ಮನೆಗೆ ಬಂದು ಮನೆಯಲ್ಲಿ ಒಬ್ಬನ ಹತ್ತಿರವೇ ನಿಂತರೆ, ಉಳಿದವರ ಮಟ್ಟಿಗೆ ಒಡೆಯನು ಬದಲಾದನೇ ಹೊರತು ದಾಸ್ಯವು ಬದಲಾಗಲಿಲ್ಲ. ತಾನು ಪಡೆದುದನ್ನು ಮುಂದಿನವನಿಗೆ ಮುಚ್ಚಿಡಕೂಡದೆಂದು ಆ ಪರವಾನಿಗೆಯಲ್ಲಿ ಬರೆದಿದ್ದ ಕರಾರು ಬರಿಯ ವ್ಯಾಪಾರಿಗಳಿಗೆ ಅನ್ವಯಿಸಿ ಮುಗಿಯುವಂಥದಲ್ಲ. ಅದರ ಧರ್ಮವು ಅಡಿಗೆಮನೆಯವರೆಗೂ ಬರುವುದು.

ಇದರಲ್ಲಿ ವ್ಯವಹಾರದ ವಿವೇಕವೂ ಉಂಟು. ಮಗನು ಹಬ್ಬ ಮುಗಿದೊಡನೆ ಪುಣೆಗೆ ಹೊರಡುವವನು. ಪೆಟ್ಟಿಗೆಯು ಕೆಟ್ಟರೆ, ಹೊಸ ಆವೃತ್ತಿಯು ಬಂದರೆ ನೋಡುವವರು ಯಾರು? ಅಣ್ಣನೊಬ್ಬನೇ ಬಲ್ಲ ವಿದ್ಯೆಯು ಅಣ್ಣನಿಲ್ಲದ ದಿನ ಮನೆಗೆ ಹೊರೆ. ಆದುದರಿಂದ ಹೊರಡುವ ಮೊದಲು ಅವನು ತಂಗಿಗೆ ಎಲ್ಲವನ್ನೂ ತೋರಿಸಿಕೊಟ್ಟನು. ಗುಪ್ತಪದವನ್ನೂ ವಿಳಾಸವನ್ನೂ, ಕೆಟ್ಟಾಗ ಮೊದಲಿನ ಸ್ಥಿತಿಗೆ ತರುವ ಕ್ರಮವನ್ನೂ ಒಂದು ನೋಟಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದು ಗೋಡೆಯ ಗೂಡಿನಲ್ಲಿಟ್ಟನು. ರಾತ್ರಿ ಹನ್ನೊಂದರ ಮೇಲೆ ಚಲಚ್ಚಿತ್ರಗಳು ಬೇಡವೆಂಬ ನಿಯಮವನ್ನು ಎಲ್ಲರೂ ಒಪ್ಪಿದರು. ಅದು ಯಜಮಾನನ ದೂರವಾಣಿಗೂ ಹತ್ತಿತು. ಯಾರ ದಾಖಲೆಯನ್ನೂ ಇಡಬಾರದೆಂದು ಗೊತ್ತಾಯಿತು. ತಂದೆಗೆ ಪೂರ್ಣ ಸಮಾಧಾನವಾಯಿತೆಂದು ಹೇಳಲಾಗದು. ಆದರೆ ಮಗಳ ಚಿಂತೆಯನ್ನು ಅವನು ಇನ್ನು ಪೆಟ್ಟಿಗೆಯನ್ನು ಕೇಳದೆ ಮಗಳನ್ನೇ ಕೇಳಬೇಕಾಯಿತು. ಅದೇನೂ ಕಡಿಮೆ ಲಾಭವಲ್ಲ.

ಇಷ್ಟಾದರೂ ಆ ಮನೆಯು ಪೂರ್ಣ ಸ್ವತಂತ್ರವಾಯಿತೆಂದು ಬೀಗತಕ್ಕದ್ದಿಲ್ಲ. ಹೊಸ್ತಿಲನ್ನು ದಾಟಿದ ಸುದ್ದಿಯು ಅಗಸೆಯ ಮೂಲಕವೇ ಹೋಗಬೇಕು. ಅದು ಎತ್ತ ಹೊರಟಿತೆಂಬುದನ್ನು ಕಂಪನಿಯವರು ಬಹುಮಟ್ಟಿಗೆ ಅರಿಯಬಲ್ಲರು. ಎಷ್ಟೋ ಪೆಟ್ಟಿಗೆಗಳಲ್ಲಿ ತರಂಗಗಳನ್ನು ಹುಟ್ಟಿಸುವ ಚಿಪ್ಪಿನ ಆಜ್ಞೆಗಳು ಇನ್ನೂ ಮುಚ್ಚಿದ ಗ್ರಂಥಗಳಾಗಿಯೇ ಇವೆ. ಓಪನ್‌ಡಬ್ಲ್ಯುಆರ್‌ಟಿಯವರು ಇತರರೊಡಗೂಡಿ ೨೦೨೪ರ ನವೆಂಬರದಲ್ಲಿ ತಮ್ಮದೇ ಪೆಟ್ಟಿಗೆಯನ್ನು ಹೊರತಂದು, ಒಂದು ಸ್ಮೃತಿಯು ಕೆಟ್ಟರೆ ಇನ್ನೊಂದರಿಂದ ಬದುಕಿಸುವ ವ್ಯವಸ್ಥೆಯನ್ನು ಅದರಲ್ಲಿಟ್ಟರು. ದಾರಿಯು ಸಾಗುತ್ತಿದೆ, ಮುಗಿದಿಲ್ಲ. ಮನುಷ್ಯನ ಒಡೆತನವು ಎಲ್ಲ ವಿಷಯಗಳಲ್ಲಿಯೂ ಇಷ್ಟೇ. ಹೊಲವು ಅವನದಾದರೂ ಮಳೆಯು ಅವನದಲ್ಲ. ಹಾಗೆಂದು ಬದುವನ್ನು ಕಟ್ಟದಿರುವವನನ್ನು ಯಾರೂ ಜ್ಞಾನಿಯೆನ್ನುವುದಿಲ್ಲ.

ಆದುದರಿಂದ ಮೊದಲಿನ ಪ್ರಶ್ನೆಗೆ ಹೀಗೆ ಉತ್ತರ ಹೇಳಬಹುದು. ಒಂದು ವಸ್ತುವನ್ನು ತಿಳಿದುಕೊಳ್ಳುವ, ತಿದ್ದಿಸುವ ಅಧಿಕಾರವು ಯಾರಲ್ಲಿದೆಯೋ ಅವನು ಅದರ ಒಡೆಯನು. ಅದರಿಂದಾಗುವ ಕೇಡಿಗೆ ಉತ್ತರ ಕೊಡಲು ಸಿದ್ಧನಾಗಿರುವವನು ಯೋಗ್ಯ ಒಡೆಯನು. ತನ್ನ ತರುವಾಯ ಅದನ್ನು ನಡಸಬಲ್ಲವರನ್ನು ಮನೆಯಲ್ಲಿ ಬೆಳೆಸಿ ಕೀಲಿಕೈಯನ್ನು ಅವರಿಗೂ ಕಾಣುವಲ್ಲಿ ಇಟ್ಟವನಿಗೆ ಮಾತ್ರ ಒಡೆತನವು ಭಾರವಾಗದೆ ಉಳಿಯುವುದು. ಮೂಡಲಗಿಯ ಆ ಮನೆಯ ಗೋಡೆಯ ಮೇಲೆ ಈಗ ಎರಡು ಪೆಟ್ಟಿಗೆಗಳು ಮಿಣುಕುತ್ತಿರಬಹುದು. ನೋಡುವವರ ಕಣ್ಣಿಗೆ ಎರಡೂ ಒಂದೇ. ಭೇದವಿರುವುದು ಪಕ್ಕದ ಗೂಡಿನಲ್ಲಿರುವ ನೋಟಬುಕ್ಕಿನಲ್ಲಿ.